ನಾಲ್ಕರ ಕೆಳಗಿನ ಚುಕ್ಕೆ

ಮನೆಯ ಮುಂಕೋಣೆ, ಕತ್ತರಿ ಮೇಜು
ಅಕ್ಟೋಬರ್ ೯, ಬೆಳಿಗ್ಗೆ ಎಂಟೂವರೆ

ಪ್ರೀತಿಯ ಅಜ್ಜಿಗೆ ನಿಮ್ಮ ಮೊಮ್ಮಗಳ ನಮಸ್ಕಾರಗಳು.

ಇಂದು ಅಕ್ಟೋಬರ್ ಒಂಬತ್ತು. ಈ ಪತ್ರದ ಉದ್ದೇಶ ಖಚಿತವಾಗಿ ಇಷ್ಟು: ಅಪ್ಪನ ವಸಡಿನ ಅಳತೆ ಪುಸ್ತಕದಲ್ಲಿ ನೀವು ಕೆಳಗೆ ಚುಕ್ಕೆ ಇಟ್ಟಿರುವ ನಲವತ್ತೊಂದು ಅಂಕಿಗಳ ಪಟ್ಟಿಯನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ. ಒಂದೊಂದರ ಮುಂದೆಯೂ ಸರಿ ಅಥವಾ ತಪ್ಪು ಎಂದು ಗುರುತು ಮಾಡಿ, ಕೊನೆಯಲ್ಲಿ ಸಹಿ ಹಾಕಿ, ಇದೇ ತಿಂಗಳ ಇಪ್ಪತ್ತನಾಲ್ಕರೊಳಗೆ ನನ್ನ ಕೈ ಸೇರುವಂತೆ ಅಂಚೆಗೆ ಹಾಕಿಸಬೇಕು. ಮಿಕ್ಕದ್ದೆಲ್ಲ ಈ ಕೋರಿಕೆಯ ವಿವರಣೆ. ಕ್ಷೇಮಸಮಾಚಾರಕ್ಕಿಂತ ಮೊದಲು ಕೆಲಸದ ಮಾತು ಬಂದದ್ದನ್ನು ನೋಡಿ ನೀವು ಅತ್ತೆಯ ಕಡೆ ತಿರುಗಿ "ಬಂದ್ಳಪ್ಪ ನಮ್ಮ ರ‍್ಯಾಂಕಮ್ಮ" ಎನ್ನುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ.

ನಿಮ್ಮ ಮಂಡಿ ಹೇಗಿದೆ? ಅತ್ತೆಯ ಕಾಲಿನ ಪಟ್ಟಿಯನ್ನು ಬಿಚ್ಚಿದ್ದಾರೆಯೇ, ಅಥವಾ ಇನ್ನೂ ಒಂದು ವಾರ ಎಂದು ಮುಂದೂಡಿದ್ದಾರೆಯೇ? ಮೆಟ್ಟಿಲಿನಿಂದ ಬಿದ್ದವರು ಅತ್ತೆ, ಆದರೆ ಆ ಮನೆಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿರುವವರು ನೀವು. ಆದ್ದರಿಂದ ನನ್ನ ಆತಂಕವನ್ನು ಇಬ್ಬರ ನಡುವೆ ಸಮಪಾಲು ಮಾಡಿದ್ದೇನೆ. ರಕ್ತದೊತ್ತಡದ ಮಾತ್ರೆಯನ್ನು ತಿಂಡಿಯ ನಂತರವೇ ನುಂಗಿ, ಕಾಫಿಯ ಜೊತೆ ಬೇಡ. ಇಲ್ಲಿ ಅಮ್ಮ ಚೆನ್ನಾಗಿದ್ದಾರೆ. ನಿಮ್ಮ ಹೊಲಿಗೆ ಯಂತ್ರಕ್ಕೆ ನಾನು ಪ್ರತಿ ಶನಿವಾರ ಎಣ್ಣೆ ಹಾಕುತ್ತಿದ್ದೇನೆ. ಎಷ್ಟು ತೊಟ್ಟು ಎಂದು ನೀವು ಹೇಳಿರಲಿಲ್ಲ, ಮೂರು ಎಂದು ನಾನೇ ನಿರ್ಧರಿಸಿದ್ದೇನೆ. ಅಪ್ಪನ ವಿಷಯವನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಕಾರಣಕ್ಕೆ ಬರುತ್ತೇನೆ. ಅಪ್ಪನ ಮೇಲುಸಾಲಿನ ಮುಂಭಾಗದ ಎರಡು ಹಲ್ಲುಗಳು ಸಡಿಲಗೊಂಡಿವೆ, ಚಿಕಿತ್ಸೆ ನಡೆದಿದೆ, ಅವು ಉಳಿಯುತ್ತವೆಯೇ ಇಲ್ಲವೇ ಎಂಬುದು ಡಿಸೆಂಬರ್ ಮೊದಲ ವಾರದಲ್ಲಿ ಗೊತ್ತಾಗುತ್ತದೆ. ಕ್ಲಾರಿನೆಟ್ಟಿನ ಬಾಯಿ ನಿಲ್ಲುವುದೇ ಆ ಎರಡು ಹಲ್ಲುಗಳ ಮೇಲೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅವು ಹೋದರೆ ನಗರದ ಬ್ಯಾಂಡಿನ ಮೊದಲ ಸಾಲಿನ ಕುರ್ಚಿಯೂ ಹೋಗುತ್ತದೆ.

ಇದರಲ್ಲಿ ಬಹುಪಾಲು ನಿಮಗೆ ಗೊತ್ತಿರುವುದೇ. ಆದರೆ ಫೋನಿನಲ್ಲಿ ನಿಮಗೆ ಅರ್ಧ ಕೇಳಿಸಿತು, ನನಗೆ ಅರ್ಧ ಹೇಳಲಾಗಲಿಲ್ಲ. ಅಲ್ಲದೆ ಒಂದೇ ಕೋಣೆಯಲ್ಲಿ, ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತಿದ್ದ ನಮ್ಮಿಬ್ಬರಿಗೂ ಕಂಡದ್ದು ಬೇರೆ ಬೇರೆ ಎಂಬುದು ನನಗೆ ಈಗ ತಿಳಿದಿದೆ. ಆದ್ದರಿಂದ ಮೊದಲಿನಿಂದ ಬರೆಯುತ್ತೇನೆ.

ಮೇ ತಿಂಗಳಲ್ಲಿ ಅಪ್ಪನ ಹಲ್ಲುಜ್ಜುವ ಬ್ರಶ್ಶಿನಲ್ಲಿ ರಕ್ತದ ಬಣ್ಣ ಕಂಡಿತು. ನಾನು ನೋಡಿದೆ: ವಸಡು ಊದಿತ್ತು, ಹಲ್ಲು ಮತ್ತು ವಸಡಿನ ನಡುವಿನ ಸಂದಿಯಲ್ಲಿ ಕಿಟ್ಟ ಗಾರೆಯಂತೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆಯುವುದೇ ಚಿಕಿತ್ಸೆ. ಮೂರನೆಯ ವರ್ಷದ ವಿದ್ಯಾರ್ಥಿಗೂ ಇದು ಗೊತ್ತು. ನಾನು ದಂತ ಕಾಲೇಜಿನ ಅಂತಿಮ ವರ್ಷದವಳು, ಈವರೆಗೆ ಪ್ರತಿ ವರ್ಷವೂ ತರಗತಿಗೆ ಮೊದಲಿಗಳು. ಆದರೆ ಆ ಕೆರೆಯುವ ಯಂತ್ರದ ಸದ್ದು ಅಪ್ಪನಿಗೆ ಆಗದು. "ಅದಕ್ಕೆ ಶ್ರುತಿನೇ ಇಲ್ಲ ಕಣಮ್ಮ. ತಲೆಬುರುಡೆ ಒಳಗೆ ಯಾರೋ ಅಪಸ್ವರ ಊದಿದ ಹಾಗಿರತ್ತೆ" ಎಂದರು. ಅದೇ ವಾರ ಅಮ್ಮ ತಾವು ಕೆಲಸ ಮಾಡುವ ಔಷಧಿ ಅಂಗಡಿಯಿಂದ ನಾಲ್ಕು ಡಬ್ಬಿಗಳನ್ನು ತಂದರು. ವಿಟಮಿನ್ ಸಿ, ವಿಟಮಿನ್ ಡಿ, ಮೀನೆಣ್ಣೆಯ ಗುಳಿಗೆ, ಮತ್ತು ಕ್ಯೂ ಟೆನ್ ಎಂಬ ಇನ್ನೊಂದು. ನಾಲ್ಕರ ಮೇಲೂ ವಸಡಿಗೆ ಒಳ್ಳೆಯದು ಎಂಬ ಅರ್ಥದ ಮಾತು ಅಚ್ಚಾಗಿತ್ತು. ಅವನ್ನು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ನೀವು "ಇದೇನು, ಗುಂಡಿ ಅಂಗಡಿ ಇಟ್ರಾ?" ಎಂದು ಕೇಳಿದಿರಿ. ಅಪ್ಪ ನಕ್ಕರು. ಯಂತ್ರವಿಲ್ಲದೆ ವಸಡು ಗುಣವಾಗುವುದಾದರೆ ಗುಂಡಿಯನ್ನೇ ನುಂಗುತ್ತೇನೆ ಎಂದರು.

ನನಗೆ ಆಗ ಪ್ರಬಂಧಕ್ಕೆ ವಿಷಯ ಬೇಕಿತ್ತು, ಮತ್ತು ಬೇರೆ ಯಾರೂ ಮುಟ್ಟದ ವಿಷಯ ಬೇಕಿತ್ತು. ಪೂರಕ ಮಾತ್ರೆಗಳಿಂದ ವಸಡಿಗೆ ಆಗಬಹುದಾದ ಲಾಭ: ಇದನ್ನು ನನ್ನ ಸಹಪಾಠಿಗಳು ಅಂಗಡಿಯ ಜಾಹೀರಾತು ಎಂದು ಬಿಟ್ಟಿದ್ದರು. ನಾನು ಹದಿನೇಳು ಅಧ್ಯಯನಗಳನ್ನು ಓದಿದೆ. ಸಾರಾಂಶ ಇಷ್ಟು. ದೇಹದಲ್ಲಿ ಸಿ ಜೀವಸತ್ವ ಕಡಿಮೆಯಿದ್ದವರ ವಸಡಿನಿಂದ ರಕ್ತ ಬರುತ್ತದೆ. ಕೊರತೆ ನೀಗಿದರೆ ರಕ್ತ ಬರುವುದು ತಗ್ಗಬಹುದು. ಡಿ ಮತ್ತು ಮೀನೆಣ್ಣೆಯ ಬಗ್ಗೆ ಕೆಲವು ಒಳ್ಳೆಯ ಸೂಚನೆಗಳಿವೆ. ಕ್ಯೂ ಟೆನ್ ಬಗ್ಗೆ ಇರುವುದು ಇನ್ನೂ ಕಡಿಮೆ. ಆದರೆ ಲಾಭ ಕಂಡ ಅಧ್ಯಯನಗಳಲ್ಲಿ ಹೆಚ್ಚಿನವು ಹಲ್ಲನ್ನು ಶುಚಿ ಮಾಡಿದ ಮೇಲೆ ಮಾತ್ರೆ ಕೊಟ್ಟವು. ಶುಚಿ ಮಾಡದೆ ಬರೀ ಮಾತ್ರೆ ಕೊಟ್ಟು ನೋಡಿದ್ದು ತೀರ ಅಪರೂಪ. ಆ ಖಾಲಿ ಜಾಗ ನನ್ನ ಕಣ್ಣಿಗೆ ಬಿತ್ತು, ಮತ್ತು ಖಾಲಿ ಜಾಗ ಕಂಡರೆ ಅದು ನನಗಾಗಿಯೇ ಬಿಟ್ಟದ್ದು ಎಂದು ತಿಳಿಯುವುದು ನನ್ನ ಸ್ವಭಾವ. ವಸಡು ವಿಭಾಗದ ಮುಖ್ಯಸ್ಥೆ, ಅಂದರೆ ನಮ್ಮ ಮೇಡಂ, "ಮೊದಲು ಕ್ಲೀನ್ ಮಾಡು, ಆಮೇಲೆ ಮಾತ್ರೆ ಕೊಡು" ಎಂದಿದ್ದರು. ರೋಗಿ ಶುಚಿ ಮಾಡಿಸಿಕೊಳ್ಳಲು ಒಪ್ಪುತ್ತಿಲ್ಲ ಎಂದು ನಾನು ಉತ್ತರ ಕೊಟ್ಟೆ. ಅದು ಸುಳ್ಳಲ್ಲ. ಆದರೆ ಒಪ್ಪಿಸಲು ನಾನು ಒಂದು ಮಾತನ್ನೂ ಆಡಿರಲಿಲ್ಲ ಎಂಬುದನ್ನು ಹೇಳಲಿಲ್ಲ. ಹನ್ನೆರಡು ವಾರ ಯಂತ್ರವಿಲ್ಲ ಎಂದು ಅಪ್ಪನಿಗೆ ನಾನೇ ಮಾತು ಕೊಟ್ಟಿದ್ದೆ. ಅವರು ಮಗುವಿನಂತೆ ಸಂತೋಷಪಟ್ಟರು.

ಹಾಗೆ ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ, ಭಾನುವಾರ ಬಿಟ್ಟು ಭಾನುವಾರ, ಬೆಳಿಗ್ಗೆ ಹತ್ತಕ್ಕೆ, ಏಳು ಸಲ ಅಪ್ಪ, ನೀವು ಬಟ್ಟೆ ಕತ್ತರಿಸುತ್ತಿದ್ದ ಕತ್ತರಿ ಮೇಜಿನ ಮೇಲೆ ಮಲಗಿದರು. ಕಿಟಕಿಯ ಬೆಳಕು ನೇರವಾಗಿ ಬೀಳುವ, ಸೊಂಟದ ಎತ್ತರದ ಮೇಜು ಬೇರೆ ಎಲ್ಲಿಯೂ ಸಿಗುತ್ತಿರಲಿಲ್ಲ. ಪ್ರೋಬ್ ಎಂಬ ಸಣ್ಣ ಕಡ್ಡಿಯನ್ನು ವಸಡಿನ ಸಂದಿಗೆ ಇಳಿಸಿ ಎಷ್ಟು ಮಿಲಿಮೀಟರ್ ಹೋಗುತ್ತದೆಂದು ನಾನು ಹೇಳುವುದು, ಎದುರಿಗೆ ಕುಳಿತು ನೀವು ಬರೆಯುವುದು. ಆ ಸಂದಿಗೆ ಪಾಕೆಟ್ ಎನ್ನುತ್ತಾರೆ ಎಂದಾಗ ನೀವು "ಪಾಕೆಟ್ಟಾ? ಹಾಗಾದ್ರೆ ಇದು ನನ್ನ ಇಲಾಖೆ" ಎಂದು ಕನ್ನಡಕ ಏರಿಸಿಕೊಂಡಿರಿ. ಒಂದು ಹಲ್ಲಿಗೆ ಆರು ಕಡೆ, ಇಪ್ಪತ್ತೆಂಟು ಹಲ್ಲುಗಳಿಗೆ ನೂರ ಅರವತ್ತೆಂಟು ಅಂಕಿ. ರಕ್ತ ಬಂದ ಕಡೆಯೆಲ್ಲ ಒಂದು ಕೂಡಿಸುವ ಗುರುತು. ಮೂರರವರೆಗೆ ಚಿಂತೆಯಿಲ್ಲ, ನಾಲ್ಕಾದರೆ ಎಚ್ಚರ, ಐದು ಮುಟ್ಟಿದರೆ ರೋಗ ಎಂದು ನಿಮಗೆ ಹೇಳಿಕೊಟ್ಟಿದ್ದೆ. ಲೋಹ ಹಲ್ಲಿಗೆ ತಾಗುವ ಸದ್ದು ಬೇಡವೆಂದು ಅಪ್ಪ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಂಗೀತ ಕೇಳುತ್ತಿದ್ದರು. ಆದ್ದರಿಂದ ನಾನು ಕರೆದ ಅಂಕಿ ಅವರಿಗೆ ಕೇಳುತ್ತಿರಲಿಲ್ಲ. ಎದ್ದ ಕೂಡಲೇ ಬಾಯಿ ಮುಕ್ಕಳಿಸುವ ಮೊದಲೇ ಪುಸ್ತಕಕ್ಕೆ ಕೈ ಚಾಚುತ್ತಿದ್ದರು. ಮೊದಲ ದಿನ ಮುಂದಿನ ಎರಡು ಹಲ್ಲಿನ ಒಳಬದಿಯಲ್ಲಿ ಐದು ಎಂದು ಕಂಡು, ಪುಸ್ತಕವನ್ನು ಮುಚ್ಚಿಟ್ಟು, ಅಂದು ಸಂಜೆ ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. ನಾನು ಅದನ್ನು ಗಮನಿಸಲಿಲ್ಲ. ಮೊದಲ ದಿನದ ಕೋಷ್ಟಕ ಸಿದ್ಧಪಡಿಸುವುದರಲ್ಲಿದ್ದೆ. ನೀವು ಗಮನಿಸಿದಿರಿ.

ಎರಡನೆಯ ಸಲದಿಂದ ಪುಸ್ತಕದ ಅಂಕಿಗಳು ಇಳಿದವು. ನೂರ ಅರವತ್ತೆಂಟನ್ನು ಒಂದೇ ಉಸಿರಿಗೆ ಕರೆಯುತ್ತಿದ್ದ ನನಗೆ ಯಾವ ಅಂಕಿಯೂ ನೆನಪಿರುತ್ತಿರಲಿಲ್ಲ, ಪುಟವನ್ನೇ ನಂಬುತ್ತಿದ್ದೆ. ಮುಂದಿನ ಹಲ್ಲುಗಳಲ್ಲಿ ಐದಿದ್ದದ್ದು ನಾಲ್ಕಾಯಿತು, ಹನ್ನೆರಡು ವಾರವೂ ನಾಲ್ಕರಲ್ಲೇ ನಿಂತಿತು. ರಕ್ತ ಬರುವ ಜಾಗಗಳು ಎಪ್ಪತ್ತರಿಂದ ನಲವತ್ತನಾಲ್ಕಕ್ಕೆ ಇಳಿದವು. ಅಪ್ಪ ಎಲ್ಲರ ಎದುರು ಡಬ್ಬಿಗಳಿಗೆ ನಮಸ್ಕಾರ ಮಾಡಿದರು. ನಾನು ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಕೋಷ್ಟಕ ಮಾಡಿ, ಪ್ರಬಂಧ ಮುಗಿಸಿದೆ. ನವೆಂಬರ್ ಎರಡರಂದು ಎಲ್ಲ ದಂತ ಕಾಲೇಜುಗಳೂ ಸೇರುವ ಸಮ್ಮೇಳನದಲ್ಲಿ ಓದಲು ನಮ್ಮ ಕಾಲೇಜಿನಿಂದ ಆಯ್ಕೆಯಾದದ್ದು ಅದೊಂದೇ. ಇಲ್ಲಿ ನಿಮಗೆ ಗೊತ್ತಿಲ್ಲದ ಒಂದು ವಿಷಯವಿದೆ, ಬರೆದುಬಿಡುತ್ತೇನೆ. ಕೋಷ್ಟಕದ ತಲೆಯಲ್ಲಿ ಎರಡು ಖಾಲಿ ಗೆರೆಗಳಿರುತ್ತವೆ: ಅಳೆದವರು, ದಾಖಲಿಸಿದವರು. ನಾನು ಎರಡರಲ್ಲೂ ನನ್ನ ಹೆಸರನ್ನೇ ಬರೆದಿದ್ದೆ. ಹೊಲಿಗೆ ಅಂಗಡಿ ನಡೆಸಿ ಮುಚ್ಚಿದ ಅಜ್ಜಿ ಬರೆದರು ಎಂದರೆ ಸಮ್ಮೇಳನದವರು ನಗುತ್ತಾರೆ ಎಂದು ನನಗೆ ಅನಿಸಿತ್ತು.

ಆಯ್ಕೆಯಾದ ಪ್ರಬಂಧದ ರೋಗಿಯನ್ನು ವಿಭಾಗದವರು ಒಮ್ಮೆ ಸ್ವತಃ ಪರೀಕ್ಷಿಸುವುದು ನಿಯಮ. ಈ ತಿಂಗಳ ಒಂದರಂದು ಅಪ್ಪನನ್ನು ಕಾಲೇಜಿಗೆ ಕರೆದೊಯ್ದೆ. ಮೇಡಂ ಅಳೆದರು, ನನ್ನ ಸಹಪಾಠಿಗಳು ಎಂಟು ಮಂದಿ ಸುತ್ತ ನಿಂತಿದ್ದರು. ಮುಂದಿನ ಬಲಹಲ್ಲಿಗೆ "ಐದು", ಎಡಹಲ್ಲಿಗೆ "ಆರು" ಎಂದರು. ನಂತರ ಎರಡು ಕಡ್ಡಿಗಳ ಹಿಡಿಯಿಂದ ಹಲ್ಲನ್ನು ಹಿಂದೆ ಮುಂದೆ ಒತ್ತಿ ನೋಡಿ "ಅಲ್ಲಾಡ್ತಿದೆ" ಎಂದರು. ನಾನು ಏನು ಹೇಳಿದೆ ಗೊತ್ತೇ? ಮೇಡಂ, ನಿಮ್ಮ ಪ್ರೋಬ್ ವಾಲಿಕೊಂಡಿದೆ ಎಂದೆ. ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದವರಿಗೆ. ಅವರು ಕೋಪಿಸಿಕೊಳ್ಳಲಿಲ್ಲ, ಪ್ರೋಬನ್ನು ನನ್ನ ಕೈಗೆ ಕೊಟ್ಟರು. ಎಡಹಲ್ಲನ್ನು ನಾನು ಅಳೆದೆ. ಆರು. ಮತ್ತೆ ಅಳೆದೆ. ಆರು. ಕಳೆದ ಒಂದು ತಿಂಗಳಲ್ಲಿ ಹದಗೆಟ್ಟಿರಬಹುದು ಎಂದು ವಾದಿಸಿದೆ. "ತಿಂಗಳಿಗೆ ಎರಡು ಮಿಲಿಮೀಟರ್ ಇಳಿಯೋಕೆ ವಸಡೇನು ಲಿಫ್ಟಾ?" ಎಂದು ಅವರು ಕೇಳಿದಾಗ ಎಂಟು ಮಂದಿಯೂ ನಕ್ಕರು. ಬಾಯಿ ತೆರೆದುಕೊಂಡೇ ಇದ್ದ ಅಪ್ಪ ನಗಲಿಲ್ಲ. ಮೇಡಂ ಕೊನೆಗೆ ಇಷ್ಟು ಹೇಳಿದರು: "ನಿನ್ನ ಒರಿಜಿನಲ್ ಪುಸ್ತಕ ತಗೊಂಡು ಬಾ. ಟೈಪ್ ಮಾಡಿದ್ದು ಬೇಡ."

ಮನೆಗೆ ಬಂದು ಪುಸ್ತಕವನ್ನು ಇದೇ ಮೇಜಿನ ಮೇಲೆ ಬಿಚ್ಚಿದೆ. ಮೊದಲ ಪುಟ ಶುಭ್ರವಾಗಿತ್ತು. ಎರಡನೆಯ ಪುಟದಿಂದ ಅಲ್ಲಲ್ಲಿ ಅಂಕಿಯ ಕೆಳಗೆ ಚುಕ್ಕೆ. ಕೆಲವಕ್ಕೆ ಒಂದು, ಒಂಬತ್ತು ಅಂಕಿಗಳಿಗೆ ಎರಡೆರಡು. ನೀವು ಪೆನ್ನನ್ನು ಕಾಗದದ ಮೇಲೆ ಊರಿಕೊಂಡು ಕೂರುತ್ತೀರೆಂದೂ, ಅದು ಶಾಯಿಯ ಕಲೆಯೆಂದೂ ನಾನು ಮೂರು ತಿಂಗಳು ಭಾವಿಸಿದ್ದೆ. ಟೈಪ್ ಮಾಡುವಾಗ ಒಂದನ್ನೂ ಎತ್ತಿಕೊಳ್ಳಲಿಲ್ಲ. ಅಮ್ಮ ತರಕಾರಿ ಹೆಚ್ಚುತ್ತಿದ್ದವರು ಕೈ ಒರೆಸಿಕೊಂಡು ಬಂದು ಭುಜದ ಮೇಲಿನಿಂದ ಇಣುಕಿ, "ಇದು ಅಂಗಡಿ ಚುಕ್ಕೆ ಅಲ್ವಾ?" ಎಂದರು. ಆಮೇಲೆ ವಿವರಿಸಿದರು. ಅಂಗಡಿಯಲ್ಲಿ ಅಳತೆ ಚೀಟಿಯ ಒಂದು ಪ್ರತಿ ಗಿರಾಕಿಯ ಕೈಗೇ ಹೋಗುತ್ತಿತ್ತು. ಸೊಂಟದ ಸುತ್ತಳತೆ ಓದಿ ಯಾರೂ ಮುಖ ಸಣ್ಣದು ಮಾಡಿಕೊಳ್ಳಬಾರದೆಂದು ನೀವು ಇಂಚು ಕಡಿಮೆ ಬರೆದು ಕೆಳಗೆ ಚುಕ್ಕೆ ಇಡುತ್ತಿದ್ದಿರಿ. ಒಂದು ಚುಕ್ಕೆಗೆ ಒಂದು, ಎರಡಕ್ಕೆ ಎರಡು ಸೇರಿಸಿ ಕತ್ತರಿಸಬೇಕೆಂದು ಕತ್ತರಿ ಹಿಡಿದವರಿಗೆ ಗೊತ್ತಿರುತ್ತಿತ್ತು. "ಮದುವೆಗೆ ಮುಂಚೆ ನಾನು ಗಿರಾಕಿಯಾಗೇ ಬಂದಿದ್ದು. ಇಪ್ಪತ್ತಾರು ಅಂತ ಚೀಟಿ ಕೊಟ್ರು, ಊರೆಲ್ಲ ಹೇಳ್ಕೊಂಡು ತಿರುಗಿದೆ. ಈ ಮನೆ ಸೊಸೆಯಾಗಿ ಆರು ತಿಂಗಳ ಮೇಲೆ ಗೊತ್ತಾಯ್ತು, ಅದರ ಕೆಳಗೆ ಎರಡು ಚುಕ್ಕೆ ಇತ್ತು ಅಂತ" ಎಂದು ಅಮ್ಮ ಹೇಳಿದರು. ಅಂಗಡಿ ಮುಚ್ಚಿದಾಗ ನನಗೆ ಐದು ವರ್ಷ. ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ನಾಲ್ಕು ಎಂದು ನಾನು ಟೈಪ್ ಮಾಡಿದ್ದು ಐದಾಗಿತ್ತು. ಎಂಟನೆಯ ವಾರದಿಂದ ಎಡಹಲ್ಲಿನ ನಾಲ್ಕು ಆರಾಗಿತ್ತು.

ಅಂದೇ ನಿಮಗೆ ಫೋನ್ ಮಾಡಿದೆ. "ಚುಕ್ಕೆ ಅಂದ್ರೆ ಒಂದು ಜಾಸ್ತಿ. ನಿನಗೆ ಗೊತ್ತಿದೆ ಅಂತ್ಲೇ ಇಟ್ಟೆ. ಕತ್ತರಿ ನಿನ್ನ ಕೈಲಿತ್ತಲ್ಲ" ಎಂದಿರಿ. ಪುಸ್ತಕಕ್ಕೆ ಕೈ ಚಾಚುವ ಅಪ್ಪನೇ ಈ ಸಲದ ಗಿರಾಕಿ ಎಂದು ನನಗೆ ಆಗ ಹೊಳೆಯಿತು. ಆದರೆ ಏಳನೆಯ ಪುಟದಲ್ಲಿ, ಎಡಹಲ್ಲಿನ ನಾಲ್ಕರ ಪಕ್ಕದಲ್ಲಿ, ಎರಡು ಚುಕ್ಕೆಗಳಲ್ಲದೆ ಒಂದು ಸಣ್ಣ ಅಡ್ಡಗೆರೆಯೂ ಇತ್ತು. ಅದನ್ನೂ ಕೇಳಿದೆ. "ಗೆರೆ ಅಂದ್ರೆ ಇನ್ನೊಂದ್ಸಲ ಅಳೀಬೇಕು ಅಂತ. ಅವತ್ತೇ ಬಾಯಿಬಿಟ್ಟು ಹೇಳಿದ್ನಲ್ಲ" ಎಂದಿರಿ.

ಹೌದು, ಹೇಳಿದ್ದಿರಿ. ಆಗಸ್ಟ್ ಕೊನೆಯ ಭಾನುವಾರ. ನಾನು ಅಂಕಿ ಕರೆದೆ, ನಿಮ್ಮ ಪೆನ್ನು ನಿಂತಿತು. "ಇದೊಂದು ಇನ್ನೊಂದ್ಸಲ ನೋಡಮ್ಮ, ಹಲ್ಲು ಸ್ವಲ್ಪ ಉದ್ದ ಕಾಣ್ತಿದೆ" ಎಂದಿರಿ. ನಲವತ್ತು ವರ್ಷ ಗಿರಾಕಿಗಳ ತೋಳುದ್ದವನ್ನು ಕಣ್ಣಳತೆಯಲ್ಲೇ ಹೇಳಿದವರ ಮಾತು ಅದು. ನಾನು ತಲೆ ಎತ್ತದೆ, ಅಜ್ಜಿ, ಅಳೆಯುವುದು ನನ್ನ ಕೆಲಸ, ಬರೆಯುವುದು ನಿಮ್ಮ ಕೆಲಸ ಎಂದೆ. ಇನ್ನೂ ಒಂದು ಸಂಗತಿ ಇದೆ; ಅದನ್ನು ಫೋನಿನಲ್ಲಿ ಹೇಳಿರಲಿಲ್ಲ. ಅಂದು ನನ್ನ ಬೆರಳಿಗೆ ಕಡ್ಡಿ ಹೆಚ್ಚು ಇಳಿದಂತೆ ಅನಿಸಿತ್ತು, ಆರು ಎಂದು ಕರೆದಂತೆಯೂ ನೆನಪಿತ್ತು. ನಂತರ ಪುಸ್ತಕದಲ್ಲಿ ನಾಲ್ಕು ಎಂದು ನೋಡಿ, ನನ್ನ ಬೆರಳೇ ತಪ್ಪಿರಬೇಕು ಎಂದುಕೊಂಡೆ. ನಾನು ಯಾವ ಪರೀಕ್ಷೆಯಲ್ಲಿಯೂ ನನ್ನ ಬೆರಳನ್ನು ಅನುಮಾನಿಸಿದವಳಲ್ಲ. ಅಂದು ಮಾತ್ರ ಅನುಮಾನಿಸಿದೆ, ಏಕೆಂದರೆ ಪುಟದಲ್ಲಿದ್ದದ್ದು ನನಗೆ ಬೇಕಾಗಿದ್ದ ಅಂಕಿ.

ಅಪ್ಪನಿಗೆ ಎಲ್ಲವನ್ನೂ ಮರುದಿನ ಹೇಳಿದೆ. ಅವರು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಕ್ಲಾರಿನೆಟ್ಟಿನ ಬಾಯಿಯನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಅದರ ಮೇಲೆ ಹಲ್ಲು ಜಾರದಿರಲೆಂದು ಅಂಟಿಸುವ ರಬ್ಬರಿನ ತೇಪೆಯನ್ನು ನನಗೆ ತೋರಿಸಿದರು. ನಡುವೆ ಹಳೆಯ ಎರಡು ಗುಳಿಗಳು. ಬಲಕ್ಕೆ ಸರಿದು ಹೊಸದೊಂದು ಗುಳಿ. ಎಂಟನೆಯ ವಾರದಿಂದ ಮುಂದಿನ ಹಲ್ಲಿನ ಮೇಲೆ ಭಾರ ಹಾಕಲಾಗದೆ, ಬಾಯಿಯನ್ನು ಓರೆ ಮಾಡಿ ಪಕ್ಕದ ಹಲ್ಲಿನ ಮೇಲೆ ಊದುತ್ತಿದ್ದರಂತೆ. ಏಕೆ ಹೇಳಲಿಲ್ಲ ಎಂದು ಕೇಳಿದೆ. "ಪುಸ್ತಕದಲ್ಲಿ ನಾಲ್ಕು ಅಂತಿತ್ತಲ್ಲಮ್ಮ. ನೀನು ಅಳೆದಿದ್ದು. ನನ್ನ ಹಲ್ಲೇ ಸುಳ್ಳು ಹೇಳ್ತಿದೆ ಅಂದ್ಕೊಂಡೆ" ಎಂದರು. ಅಜ್ಜಿ, ಅವರು ಇದನ್ನು ಗದರುವ ದನಿಯಲ್ಲಿ ಹೇಳಲಿಲ್ಲ. ನಂತರ ಅವರೇ ಎದ್ದು ಡಬ್ಬಿಗಳನ್ನು ಮೇಜಿನಿಂದ ತೆಗೆದು ಕಪಾಟಿನಲ್ಲಿಟ್ಟು, "ನಡಿ, ಆ ಅಪಸ್ವರದ ಹತ್ರ ಹೋಗೋಣ" ಎಂದರು.

ಐದರಂದು ಮತ್ತು ಏಳರಂದು, ಎರಡು ಬಾರಿ, ಮೇಡಂ ಅವರೇ ಶುಚಿ ಮಾಡಿದರು. ವಸಡನ್ನು ಮರಗಟ್ಟಿಸಿ, ಸಂದಿಯ ಒಳಗಿನ ಕಿಟ್ಟವನ್ನು ಬಹುಪಾಲು ಕೈಸಲಕರಣೆಯಿಂದಲೇ ತೆಗೆದರು. ಯಂತ್ರವನ್ನು ಅಗತ್ಯವಿದ್ದಷ್ಟೇ ಬಳಸಿದರು. ಅದರ ಸದ್ದು ಯಾವ ಸ್ವರಕ್ಕೆ ಹತ್ತಿರ ಎಂದು ಅಪ್ಪನನ್ನು ಕೇಳಿದರು. ಅಪ್ಪ ಬಾಯಿ ತೆರೆದಿದ್ದರಿಂದ ಬೆರಳಿನಲ್ಲಿ ತೋರಿಸಿದರು. ಮುಂದಿನ ಹಲ್ಲುಗಳನ್ನು ಹಿಂಬದಿಯಿಂದ ತೆಳುವಾದ ತಂತಿ ಅಂಟಿಸಿ ಒಂದಕ್ಕೊಂದು ಬಿಗಿದಿದ್ದಾರೆ. ಡಿಸೆಂಬರಿನಲ್ಲಿ ಮತ್ತೆ ಅಳೆಯುವವರೆಗೆ ಕ್ಲಾರಿನೆಟ್ ಮುಟ್ಟುವಂತಿಲ್ಲ. ಅಷ್ಟರವರೆಗೆ ಉದ್ಯಾನದ ಭಾನುವಾರದ ಕಛೇರಿಯಲ್ಲಿ ಅಪ್ಪನ ಪಾಲನ್ನು ಎರಡನೆಯ ಸಾಲಿನವರು ನುಡಿಸುತ್ತಾರೆ. ಅಪ್ಪ ಹೋಗಿ ಪುಟ ತಿರುಗಿಸಿ ಕೊಡುತ್ತೇನೆಂದಿದ್ದಾರೆ. ಬಲಹಲ್ಲು ಉಳಿಯುತ್ತದೆ ಎಂದು ಮೇಡಂ ಹೇಳುತ್ತಾರೆ. ಎಡಹಲ್ಲಿನದನ್ನು ಡಿಸೆಂಬರಿನಲ್ಲಿ ನೋಡೋಣ ಎನ್ನುತ್ತಾರೆ. ಜೂನ್‌ನಲ್ಲಿಯೇ ಶುಚಿ ಮಾಡಿದ್ದರೆ ಎಂಬ ವಾಕ್ಯವನ್ನು ಅವರು ನನ್ನೆದುರು ಆರಂಭಿಸಿ, ಮುಗಿಸದೆ ಬಿಟ್ಟರು.

ಮಾತ್ರೆಗಳ ವಿಷಯ ನೀವು ಕೇಳಿದ್ದಿರಿ, ಹೇಳುತ್ತೇನೆ. ರಕ್ತದ ಗುರುತುಗಳ ಕೆಳಗೆ ನಿಮ್ಮ ಚುಕ್ಕೆಗಳಿಲ್ಲ. ಆದ್ದರಿಂದ ಎಪ್ಪತ್ತು ನಲವತ್ತನಾಲ್ಕಾದದ್ದು ನಿಜ. ಅಪ್ಪ ಹಣ್ಣು ಮುಟ್ಟುವವರಲ್ಲ. ಸಿ ಜೀವಸತ್ವ ಅವರಿಗೆ ಬಹುಶಃ ಕಡಿಮೆಯಿತ್ತು, ಮಾತ್ರೆ ಅದನ್ನು ತುಂಬಿರಬಹುದು. ಒಬ್ಬ ರೋಗಿಯಿಂದ ಇದಕ್ಕಿಂತ ಹೆಚ್ಚು ಹೇಳಲಾಗದು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಮೇಲುಬಟ್ಟೆಗೆ ಇಸ್ತ್ರಿ ಬಿತ್ತು, ಒಳಗೆ ಹೊಲಿಗೆ ಬಿಚ್ಚುತ್ತಲೇ ಇತ್ತು. ರಕ್ತ ತಗ್ಗಿದ್ದರಿಂದಲೇ ಎಲ್ಲರಿಗೂ ಗುಣವಾದಂತೆ ಕಂಡಿತು. ಗಾರೆಯಂಥ ಕಿಟ್ಟವನ್ನು ಯಾವ ಗುಳಿಗೆಯೂ ಕರಗಿಸುವುದಿಲ್ಲ. ಈಗ ಮೇಡಂ ಮೀನೆಣ್ಣೆಯನ್ನೂ ಕ್ಯೂ ಟೆನ್ ಅನ್ನೂ ನಿಲ್ಲಿಸಿದ್ದಾರೆ. ವಿಟಮಿನ್ ಡಿಯನ್ನು ರಕ್ತ ಪರೀಕ್ಷೆ ನೋಡಿ ತೀರ್ಮಾನಿಸುತ್ತಾರೆ. ಸಿ ಬೇಕಾದರೆ ಇರಲಿ, ಇಲ್ಲವೇ ದಿನಕ್ಕೊಂದು ಕಿತ್ತಳೆ ತಿನ್ನಲಿ ಎಂದಿದ್ದಾರೆ. ಅಪ್ಪ ಕಿತ್ತಳೆಯನ್ನು ಔಷಧಿಯಂತೆ ಕಣ್ಣು ಮುಚ್ಚಿ ನುಂಗುತ್ತಿದ್ದಾರೆ. ನೀವೂ ಅಲ್ಲಿ ಯಾರೋ ಹೇಳಿದರೆಂದು ಮೀನೆಣ್ಣೆ ಶುರು ಮಾಡಬೇಡಿ. ನಿಮ್ಮ ಡಾಕ್ಟರನ್ನು ಕೇಳದೆ ಬೇಡ.

ಇನ್ನು ಪ್ರಬಂಧ. ಅದನ್ನು ಸದ್ದಿಲ್ಲದೆ ಹಿಂತೆಗೆದುಕೊಳ್ಳಬಹುದು, ಯಾರೂ ಕೇಳುವುದಿಲ್ಲ ಎಂದು ಮೇಡಂ ಹೇಳಿದರು. ನಾನು ಓದುತ್ತೇನೆ ಎಂದೆ. ಹೊಸ ಕೋಷ್ಟಕ ಸಿದ್ಧವಾಗಿದೆ. ಎಡಹಲ್ಲು ಮೊದಲ ದಿನ ಐದು, ಕೊನೆಯ ದಿನ ಆರು. ಚಿಕಿತ್ಸೆಯನ್ನು ಹನ್ನೆರಡು ವಾರ ಮುಂದೂಡಿದ್ದು ಯಾರು, ಏಕೆ ಎಂಬುದು ಎರಡನೆಯ ಪುಟದಲ್ಲಿದೆ. ಇದಕ್ಕೆ ಯಾರೂ ಪದಕ ಕೊಡುವುದಿಲ್ಲ ಎಂದು ನನಗೆ ಗೊತ್ತು. ಪದಕ ಇಲ್ಲದ ವರ್ಷ ಇದು ಮೊದಲನೆಯದಾಗುತ್ತದೆ. ಕೋಷ್ಟಕದ ತಲೆಯಲ್ಲಿ, ದಾಖಲಿಸಿದವರು ಎಂಬಲ್ಲಿ, ಈಗ ನಿಮ್ಮ ಪೂರ್ಣ ಹೆಸರು ಇದೆ. ಮುಂದೆ, ದರ್ಜಿ, ನಲವತ್ತು ವರ್ಷಗಳ ಅನುಭವ ಎಂದಿದೆ. ನಗುವವರು ನಗಲಿ. ನಿಮ್ಮ ಸಹಿ ಬೇಕಾಗಿರುವುದು ಅದಕ್ಕೇ. ಪಟ್ಟಿಯಲ್ಲಿ ಪ್ರತಿ ಅಂಕಿಯನ್ನೂ ನೀವು ಬರೆದಂತೆಯೇ ಚುಕ್ಕೆ ಸಹಿತ ಎತ್ತಿ ಬರೆದಿದ್ದೇನೆ. ಪಕ್ಕದಲ್ಲಿ ನಾನು ಅರ್ಥ ಮಾಡಿಕೊಂಡ ಅಂಕಿ. ಮೂವತ್ತಮೂರನೆಯದು ಚುಕ್ಕೆಯೋ ನಿಜವಾಗಿ ಶಾಯಿಯ ಕಲೆಯೋ ನನಗೆ ತಿಳಿಯಲಿಲ್ಲ. ಊಹಿಸದೆ ಖಾಲಿ ಬಿಟ್ಟಿದ್ದೇನೆ. ದಯವಿಟ್ಟು ಕನ್ನಡಕ ಹಾಕಿಕೊಂಡು, ಹಗಲಿನ ಬೆಳಕಿನಲ್ಲಿ ನೋಡಿ. ಒಂದರಲ್ಲಿ ಸಂದೇಹವಿದ್ದರೂ ಪಕ್ಕದಲ್ಲಿ ನಿಮ್ಮ ಆ ಅಡ್ಡಗೆರೆ ಎಳೆಯಿರಿ. ಈ ಬಾರಿ ನಾನು ಮತ್ತೆ ನೋಡುತ್ತೇನೆ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಕಾಲಿನ ವ್ಯಾಯಾಮವನ್ನು ತಪ್ಪಿಸಬಾರದೆಂದು ನಾನು ಹೇಳಿದ್ದಾಗಿ ಹೇಳಿ. ಅಮ್ಮ ನಿಮ್ಮನ್ನು ಬೇಗ ಬರಬೇಕೆಂದು ಕೇಳಿದ್ದಾರೆ, ನೀವಿಲ್ಲದೆ ಅವರ ಜೊತೆ ವಾದ ಮಾಡುವವರು ಮನೆಯಲ್ಲಿ ಯಾರೂ ಇಲ್ಲವಂತೆ. ಅಪ್ಪ ತಂತಿ ಕಟ್ಟಿದ ಬಾಯಿಯಿಂದ ನಿಮ್ಮನ್ನು ವಿಚಾರಿಸಿದ್ದಾರೆ. ಡಿಸೆಂಬರಿನ ಅಳತೆಗೆ ನೀವು ಇಲ್ಲಿರಬೇಕು. ಕಡ್ಡಿಯನ್ನು ಮೇಡಂ ಹಿಡಿಯುತ್ತಾರೆ, ಪೆನ್ನನ್ನು ನೀವು. ಅವರಿಗೆ ಹೇಳಿದ್ದೇನೆ, ಒಪ್ಪಿದ್ದಾರೆ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ಎಂದಿಗೂ ನಿಮ್ಮವಳಾದ
ರ‍್ಯಾಂಕಮ್ಮ

ಸಹಿಯ ಕೆಳಗೆ ಬರೆಯುವುದು ನನ್ನ ಅಭ್ಯಾಸವಲ್ಲ. ಅಪ್ಪ 'ಅಂಚೆಗೆ ಹೊತ್ತಾಯ್ತು' ಎಂದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಆದರೂ ಇದನ್ನು ಬಿಡಲಾಗದು. ಫೋನ್ ಇಡುವ ಮೊದಲು ನೀವು ಹೇಳಿದಿರಿ: "ಮುದುಕಿಗೆ ಕಣ್ಣು ಮಂಜು, ತಪ್ಪು ಬರೆದಳು ಅಂತ ಹಾಕ್ಬಿಡು. ನನ್ನದೇನು ಹೋಗತ್ತೆ? ನಿನ್ನ ಹೆಸರು ಉಳಿಯತ್ತೆ." ನಾನು ಉತ್ತರ ಕೊಡುವ ಮೊದಲೇ ಅತ್ತೆಯ ಕೈಗೆ ಫೋನ್ ಕೊಟ್ಟಿರಿ. ಉತ್ತರ ಇದು: ಹಾಗೆ ನಾನು ಬರೆಯುವುದಿಲ್ಲ.